ಬೂತಕ್ಕನ ಚಿಕಿತ್ಸೆಗಾಗಿ

ಗಿರಣಿ ಬೀದಿಯ ಮೂಲೆಯ ಟೆಲಿಫೋನ್ ಬೂತಿನಲ್ಲಿ ಹತ್ತೊಂಬತ್ತು ವರ್ಷ ಕೂತದ್ದಕ್ಕೆ ಅವಳು ಬೂತಕ್ಕನಾದಳು. ಬೀದಿಯ ಮಕ್ಕಳು ಬಕಾರದ ಹೊಟ್ಟೆ ಸೀಳಿ ಭೂತಕ್ಕ ಮಾಡಿಕೊಂಡರು. ಅವಳು ಬೈಯಲಿಲ್ಲ. "ಭೂತಕ್ಕೆ ಹೆದರದಿದ್ರೆ ಬೇಡ, ಮೀಟರಿಗಾದ್ರೂ ಹೆದರ್ರೋ" ಎಂದು, ಕೆಂಪು ಅಂಕಿಗಳು ಓಡುವ ಡಬ್ಬಿಯ ಕಡೆ ಬೆರಳು ತೋರಿಸುತ್ತಿದ್ದಳು.

ಬೂತು ಅವಳಿಗೆ ಬಂದದ್ದು ಗಂಡನ ಬದಲಿಗೆ. ಮದುವೆಯಾಗಿ ನಾಲ್ಕನೇ ವರ್ಷ ನೂಲುವ ವಿಭಾಗದಲ್ಲಿ ಅವನು ಯಂತ್ರಕ್ಕೆ ಸಿಕ್ಕಿ ಹೋದ. ಗಿರಣಿಯವರು ಬೀದಿಯ ಮೂಲೆಯಲ್ಲಿ ಆರಡಿಗೆ ನಾಲ್ಕಡಿ ಜಾಗ ಕೊಟ್ಟು ಕೈ ತೊಳೆದುಕೊಂಡರು. ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಇಬ್ಬರೇ. "ಮಗನೇ ಹೋದ ಮೇಲೆ ನಿನ್ನ ಹತ್ರ ನನಗೇನು ಕೆಲಸ, ತವರಿಗೆ ಹೋಗು" ಎಂದು ಅತ್ತೆ ಮೊದಲ ವರ್ಷ ದಿನಕ್ಕೊಮ್ಮೆ ಹೇಳಿದಳು, ಎರಡನೇ ವರ್ಷ ವಾರಕ್ಕೊಮ್ಮೆ ಹೇಳಿದಳು, ಆಮೇಲೆ ಹೇಳುವುದನ್ನೇ ಮರೆತಳು. ಸೊಸೆ ಹೋಗುವುದನ್ನು ಮರೆತಳು. ಹೀಗೆ ಮೂವತ್ತೈದು ವರ್ಷ ಕಳೆಯಿತು.

ಬೂತಿನ ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಒಳಗೆ ಆಡಿದ್ದೆಲ್ಲ ಹೊರಗೆ ಕೂತವಳ ಕಿವಿಗೆ ಬೀಳುತ್ತಿತ್ತು. ಯಾರ ಮಗಳು ಯಾರ ಜೊತೆ ಓಡಿಹೋಗಲು ಹೊಂಚು ಹಾಕಿದ್ದಾಳೆ, ಯಾವ ಮೇಸ್ತ್ರಿ ಊರಲ್ಲಿರುವ ಹೆಂಡತಿಗೆ ಎಷ್ಟು ಸುಳ್ಳು ಹೇಳುತ್ತಾನೆ, ಎಲ್ಲ ಅವಳಿಗೆ ಗೊತ್ತಿತ್ತು. ಒಬ್ಬ ಹೆಂಗಸು ತಿಂಗಳಿಗೊಮ್ಮೆ ಬಂದು ಯಾವುದೋ ನಂಬರು ಒತ್ತಿ, ಆ ಕಡೆಯವರು ಹಲೋ ಹಲೋ ಅನ್ನುವುದನ್ನು ಕೇಳಿ, ಒಂದು ಮಾತೂ ಆಡದೆ ಇಟ್ಟುಬಿಡುತ್ತಿದ್ದಳು. ಬೂತಕ್ಕ ಅವಳಿಂದ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. "ನೀನು ಮಾತೇ ಆಡಿಲ್ಲವಲ್ಲ, ಯಾತರ ದುಡ್ಡು?" ಎನ್ನುತ್ತಿದ್ದಳು. ಕೇಳಿದ ಗುಟ್ಟುಗಳಲ್ಲಿ ಒಂದೂ ಅವಳ ಬಾಯಿಂದ ಹೊರಬಿದ್ದದ್ದಿಲ್ಲ. ಇನ್ನೂರು ಮನೆಗಳ ಬೀದಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಬೂತಕ್ಕ ಹೇಳಿದಳು ಎಂದರೆ ಮುಗಿಯಿತು, ಮರುಮಾತಿರಲಿಲ್ಲ.

ಬೂತಿನ ಪಕ್ಕದ್ದು ಕನ್ನಡಕದಂಗಡಿ. ಅದನ್ನು ನಡೆಸುತ್ತಿದ್ದವಳು ಬೂತಕ್ಕನಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು, ಮದುವೆಯ ಗೊಡವೆಗೆ ಹೋಗದವಳು, ಮಾತಿನ ಮಲ್ಲಿ. ಬಂದ ಮೊದಲ ವಾರವೇ ಬೂತಕ್ಕನ ಮೂಗಿನ ಮೇಲಿಂದ ಕನ್ನಡಕ ಕಿತ್ತು, "ಈ ಗಾಜಲ್ಲಿ ನಿನಗೆ ಪ್ರಪಂಚ ಕಾಣ್ತಿದೆಯೇನಕ್ಕ, ನನಗಂತೂ ಗೀಚು ಬಿಟ್ರೆ ಏನೂ ಕಾಣ್ತಿಲ್ಲ" ಎಂದು ಹೊಸ ಗಾಜು ಹಾಕಿಕೊಟ್ಟಳು. ಅಂದಿನಿಂದ ಮಧ್ಯಾಹ್ನ ಒಂದು ಗಂಟೆಗೆ ಇಬ್ಬರ ಊಟದ ಡಬ್ಬಿಗಳೂ ಒಂದೇ ಸ್ಟೂಲಿನ ಮೇಲೆ ತೆರೆಯುತ್ತಿದ್ದವು. ಬೂತಕ್ಕನಿಗೆ ಎಲ್ಲರ ಗುಟ್ಟು ಗೊತ್ತಿತ್ತು. ಬೂತಕ್ಕನ ಗುಟ್ಟು ಗೊತ್ತಿದ್ದವಳು ಇವಳೊಬ್ಬಳೇ.

ಆಮೇಲೆ ಗಿರಣಿ ಮುಚ್ಚಿತು. ಮನೆಸಾಲುಗಳನ್ನು ಕೆಡವಿದರು. ಬೀದಿಯ ಜನ ನಗರದ ನಾಲ್ಕು ದಿಕ್ಕಿಗೆ ಚೆಲ್ಲಾಪಿಲ್ಲಿಯಾದರು. ಎಲ್ಲರ ಜೇಬಿಗೂ ಮೊಬೈಲು ಬಂದಮೇಲೆ ಬೂತಿಗೆ ಹೇಗೂ ಕೆಲಸವಿರಲಿಲ್ಲ. ಗೆಳತಿಯರಿಬ್ಬರೂ ಬಸ್ ಡಿಪೋ ಎದುರಿನ ಕಟ್ಟಡದ ನೆಲಮಹಡಿಯಲ್ಲಿ ಎರಡು ಮಳಿಗೆ ಹಿಡಿದರು, ನಡುವೆ ಒಂದು ಔಷಧಿ ಅಂಗಡಿ. ಬೂತಕ್ಕ ಮೊದಲು ಜೆರಾಕ್ಸ್ ಯಂತ್ರ ಇಟ್ಟಳು, ಆಮೇಲೆ ರೀಚಾರ್ಜು ಮಾಡಿಕೊಟ್ಟಳು. ಜನ ನೋಟು ಮುಟ್ಟುವುದನ್ನೇ ಬಿಟ್ಟ ಮೇಲೆ, ನೋಟು ಬಿಟ್ಟು ಬೇರೇನೂ ಗೊತ್ತಿಲ್ಲದವರ ದುಡ್ಡನ್ನು ಫೋನಿನಲ್ಲಿ ಕಳಿಸಿಕೊಡುವುದು ಅವಳ ಕಸುಬಾಯಿತು. ಚಿಲ್ಲರೆ ಎಂಬ ಪದಾರ್ಥವೇ ಊರಿನಿಂದ ಕಾಣೆಯಾಗಿತ್ತು. ಒಂದು ಸೌತೆಕಾಯಿ ಕೊಂಡರೂ ಅಂಗಡಿಯ ಮಾತಾಡುವ ಡಬ್ಬಿ ಬೀದಿಗೆಲ್ಲ ಕೇಳುವಂತೆ ಹಣ ಬಂತೆಂದು ಸಾರುತ್ತಿತ್ತು. ವಯಸ್ಸಾದವರು, ಬೆರಳು ನಡುಗುವವರು, ಫೋನಿಗೆ ಹೆದರುವವರು ಬೂತಕ್ಕನ ಕಿಟಕಿಗೆ ಬಂದು ನೋಟು ಚಾಚುತ್ತಿದ್ದರು.

ಚದುರಿದ ಬೀದಿಯನ್ನು ಮತ್ತೆ ಕೂಡಿಸಿದವಳು ಕನ್ನಡಕದವಳು. "ನಮ್ಮ ಗಿರಣಿ ಬೀದಿ" ಅಂತ ಮೆಸೇಜು ಗ್ರೂಪು ಮಾಡಿ ಇನ್ನೂರ ಹನ್ನೆರಡು ಜನರನ್ನು ಸೇರಿಸಿದಳು. ಬೂತಕ್ಕನೂ ಸೇರಿದಳು, ಎರಡೇ ತಿಂಗಳಿಗೆ ಸುಸ್ತಾದಳು.

"ದಿನಾ ಬೆಳಿಗ್ಗೆ ಇನ್ನೂರು ಜನ ಶುಭೋದಯ ಅಂತ ಹೂವು ಎಸೀತಾರಲ್ಲೇ, ನಾನೇನು ಹೆಣಾನಾ?" ಎಂದಳು.

ಕನ್ನಡಕದವಳು ನಕ್ಕಳು. "ನೀನು ಬಿಟ್ಟುಬಿಡಕ್ಕ, ನಾನಿದೀನಲ್ಲ. ಮುಖ್ಯವಾದದ್ದೇನಾದ್ರೂ ಬಂದ್ರೆ ನಾನೇ ಹೇಳ್ತೀನಿ."

ಅವಳೇ ಬೂತಕ್ಕನ ಫೋನು ತೆಗೆದುಕೊಂಡು, ಗ್ರೂಪಿನಿಂದ ಹೊರಗೆ ಬರುವ ಗುಂಡಿ ಒತ್ತಿದಳು. ಅಂದಿನಿಂದ ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರಿಗೆ ಮಂಡಿನೋವು, ಎಲ್ಲ ಊಟದ ಹೊತ್ತಿಗೆ ಅವಳ ಬಾಯಿಂದಲೇ ಬರುತ್ತಿತ್ತು.

ಹೀಗಿರುತ್ತ ಜನ ಬೂತಕ್ಕನ ಜೊತೆ ವಿಚಿತ್ರವಾಗಿ ನಡೆದುಕೊಳ್ಳತೊಡಗಿದರು.

ಮೊದಲು ಬಸ್ಸಿನ ಡ್ರೈವರು. ಹಳೇ ಬೀದಿಯ ಹುಡುಗ, ಈಗ ತಲೆ ನೆರೆತವನು. ಒಂದು ಬೆಳಿಗ್ಗೆ ನಿಲ್ದಾಣ ದಾಟಿ ಹೋಗಿದ್ದ ಬಸ್ಸನ್ನು ಅವಳಿಗಾಗಿ ನಿಲ್ಲಿಸಿದ. ಮುಂಬಾಗಿಲಿನಿಂದ ಹತ್ತಿಸಿಕೊಂಡು ಒಬ್ಬ ದಾಂಡಿಗನನ್ನು ಎಬ್ಬಿಸಿ ಸೀಟು ಕೊಡಿಸಿದ.

"ಟಿಕೆಟ್ ಬೇಡಕ್ಕ, ನಿಮ್ಮ ಹತ್ರ ತಗೊಳ್ಳೋದಾ?" ಎಂದ.

"ಯಾಕಪ್ಪ, ಬಸ್ಸು ನಿನ್ನ ಹೆಸರಿಗಾಯ್ತಾ?"

ಅವನು ನಗಲಿಲ್ಲ. ಕನ್ನಡಿಯಲ್ಲಿ ಅವಳನ್ನು ನೋಡಿ, "ಧೈರ್ಯವಾಗಿರಿ" ಎಂದ.

ಇನ್ನೊಂದು ದಿನ ಮಾರುಕಟ್ಟೆಯಲ್ಲಿ ಹಳೇ ಬೀದಿಯ ದರ್ಜಿ ಸಿಕ್ಕ. ಅವಳ ತಲೆಯನ್ನೇ ನೋಡುತ್ತ, "ಕೂದಲು ಇನ್ನೂ ಚೆನ್ನಾಗಿದೆ" ಎಂದ, ಹೇಳಬಾರದ್ದು ಹೇಳಿದವನಂತೆ ಗುಂಪಿನಲ್ಲಿ ಕರಗಿಹೋದ.

ಬೂತಕ್ಕ ಮನೆಗೆ ಬಂದು ಕನ್ನಡಿ ನೋಡಿಕೊಂಡಳು. ತನ್ನ ಮುಖದಲ್ಲಿ ಎಲ್ಲರಿಗೂ ಏನೋ ಕಾಣುತ್ತಿದೆ, ತನಗೊಬ್ಬಳಿಗೆ ಕಾಣುತ್ತಿಲ್ಲ. ಯಾರಿಗೂ ಹೇಳದೆ ರಕ್ತಪರೀಕ್ಷೆ ಮಾಡಿಸಿದಳು. ಡಾಕ್ಟರು ಕಾಗದ ನೋಡಿ, "ನಿಮ್ಮ ವಯಸ್ಸಿಗೆ ಇಷ್ಟು ಚೆನ್ನಾಗಿರೋದೇ ಅಪರೂಪ" ಎಂದರು. ಇವರೂ ಮುಚ್ಚಿಡುತ್ತಿದ್ದಾರೆ ಎಂದುಕೊಂಡಳು.

"ನಾನು ಇಳಿದುಹೋಗಿದೀನಾ ಅತ್ತೆ?" ಎಂದು ಸಂಜೆ ಕೇಳಿದಳು.

"ತೂಕದಲ್ಲಂತೂ ಇಳಿದಿಲ್ಲ" ಎಂದಳು ಅತ್ತೆ.

ಕನ್ನಡಕದವಳನ್ನೂ ಕೇಳಿದಳು. ಅವಳು ಡಬ್ಬಿಯಿಂದ ತಲೆ ಎತ್ತದೆ, "ನಿನಗೆ ಭ್ರಮೆ ಅಕ್ಕ. ಬಿಸಿಲಿಗೆ ಜನರ ತಲೆ ಕೆಟ್ಟಿದೆ" ಎಂದಳು. ಆಮೇಲೆ ಹೇಳಿದ್ದು ಬೂತಕ್ಕನಿಗೆ ನೆನಪಿದೆ: "ನೀನು ಸ್ವಲ್ಪ ದಿನ ಆ ಕಡೆ ಈ ಕಡೆ ಓಡಾಡೋದು ಕಡಿಮೆ ಮಾಡು. ರೆಸ್ಟ್ ತಗೋ." ಎಷ್ಟು ಕಾಳಜಿ ಇವಳಿಗೆ ಎಂದು ಆ ಕ್ಷಣ ಕಣ್ಣು ತುಂಬಿತ್ತು.

ಒಂದು ಮಂಗಳವಾರ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಕಿಟಕಿಗೆ ಬಂದಳು. ತೋಳಿನ ತುಂಬ ಹಿಟ್ಟಿನ ಕಲೆ. ಕೈಯಲ್ಲಿ ಮಡಿಸಿದ ನೋಟು.

"ನನ್ನ ಫೋನಲ್ಲಿ ಪೇಮೆಂಟು ಲಾಕ್ ಆಗಿದೆ ಅಮ್ಮ. ಇದನ್ನ ಒಂಚೂರು ಕಳಿಸಿಕೊಡ್ತೀರಾ? ಯಾರೋ ಬಡ ಹೆಂಗಸು ಪಾಪ, ಆಪರೇಷನ್ ಅಂತೆ. ನಮ್ಮ ಓನರ್‌ಗೆ ಅವರ ಸ್ನೇಹಿತರು ಕಳಿಸಿದ್ದು, ಅವರು ನಮಗೆಲ್ಲ ಕಳಿಸಿದ್ರು."

"ಯಾವ ನಂಬರಿಗೆ?"

"ಇಲ್ಲೇ ಕೋಡ್ ಇದೆ ನೋಡಿ" ಎಂದು ಹೆಂಗಸು ಫೋನನ್ನು ಗಾಜಿಗೆ ಹಿಡಿದಳು.

ಬೂತಕ್ಕ ಸ್ಕ್ಯಾನ್ ಮಾಡಲು ತನ್ನ ಫೋನು ಎತ್ತಿದವಳು ಅಲ್ಲೇ ನಿಂತಳು. ಕೋಡಿನ ಮೇಲೆ ಒಂದು ಫೋಟೋ. ಆಸ್ಪತ್ರೆಯ ಮಂಚ, ಹಸಿರು ಹೊದಿಕೆ, ಒಂದು ಕಣ್ಣಿನ ಮೇಲೆ ಬಿಳಿ ಪಟ್ಟಿ. ಎರಡು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿದ್ದಳು. ಜೊತೆಗೆ ಬಂದದ್ದು ಕನ್ನಡಕದವಳು. "ನೆನಪಿಗೆ ಒಂದು ಫೋಟೋ ಅಕ್ಕ, ಕಡಲ್ಗಳ್ಳಿ ಥರ ಕಾಣ್ತಿದೀಯ" ಎಂದು ನಗಿಸಿ ತೆಗೆದ ಚಿತ್ರ. ನಕ್ಕ ಬಾಯಿಯನ್ನು ಹೊದಿಕೆಯಿಂದ ಮುಚ್ಚಿಕೊಂಡಿದ್ದಳು. ನೋವಿನಿಂದ ಬಾಯಿ ಮುಚ್ಚಿಕೊಂಡಂತೆ ಕಾಣುತ್ತಿತ್ತು.

ಕೆಳಗೆ ಬರೆದಿತ್ತು: "ನಮ್ಮೆಲ್ಲರ ಬೂತಕ್ಕ ಕ್ಯಾನ್ಸರ್ ತಗುಲಿ ಇಂದು ಸಾವು ಬದುಕಿನ ನಡುವೆ ಹೋರಾಡುತ್ತಿದ್ದಾರೆ. ಸ್ವಾಭಿಮಾನಿ. ಯಾರ ಮುಂದೆಯೂ ಕೈಚಾಚಿದವರಲ್ಲ. ದಯವಿಟ್ಟು ಅವರಿಗೆ ಫೋನ್ ಮಾಡಿ ಮುಜುಗರ ಮಾಡಬೇಡಿ. ಕೈಲಾದಷ್ಟು ಕಳಿಸಿ. ಬೂತಕ್ಕನ ಚಿಕಿತ್ಸೆಗಾಗಿ."

"ಹೋಗ್ತಿಲ್ವಾ ಅಮ್ಮ? ನೆಟ್‌ವರ್ಕ್ ಇಲ್ವಾ?" ಎಂದಳು ಬೇಕರಿಯವಳು.

ಬೂತಕ್ಕ ಸ್ಕ್ಯಾನ್ ಮಾಡಿದಳು. ಹಣ ಯಾರಿಗೆ ಹೋಗುತ್ತದೆಂದು ಪರದೆಯ ಮೇಲೆ ಹೆಸರು ಮೂಡಿತು. ಅದು ಗೆಳತಿಯ ಹೆಸರು.

"ದುಡ್ಡು ಒಳಗಿಡಮ್ಮ, ಇದು ಸುಳ್ಳು" ಎಂದಳು.

"ಸುಳ್ಳಾ? ನಿಮಗೆ ಹೇಗೆ ಗೊತ್ತು? ಫೋಟೋ ಇದೆಯಲ್ಲ."

ಫೋಟೋದಲ್ಲಿರುವವಳು ಎದುರಿಗೇ ನಿಂತಿದ್ದಾಳೆಂದು ಆ ಹೆಂಗಸಿಗೆ ತಿಳಿಯಲಿಲ್ಲ. ಒಂದು ಕಣ್ಣು ಮುಚ್ಚಿದ ಅರ್ಧ ಮುಖ, ಹೇಗೆ ತಿಳಿದೀತು? "ಕಳಿಸೋಕೆ ಆಗದಿದ್ರೆ ಆಗಲ್ಲ ಅನ್ನಿ. ಒಳ್ಳೇ ಕೆಲಸಕ್ಕೆ ಅಡ್ಡ ಮಾತು ಯಾಕೆ?" ಎಂದು ಗೊಣಗಿಕೊಂಡು ಹೋದಳು.

ಬೂತಕ್ಕ ಕಿಟಕಿ ಎಳೆದುಕೊಂಡು ಕನ್ನಡಕದಂಗಡಿಗೆ ನಡೆದಳು. ನಡುವೆ ಇದ್ದದ್ದು ಒಂದು ಔಷಧಿ ಅಂಗಡಿ.

ಕನ್ನಡಕದವಳು ಮೆತ್ತನೆಯ ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದಳು. ಬೂತಕ್ಕನ ಮುಖ ನೋಡಿದ್ದೇ ಕೈ ನಿಂತಿತು. ಸುಳ್ಳು ಹೇಳಲು ಯತ್ನಿಸಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದು.

"ಕೂತ್ಕೋ ಅಕ್ಕ" ಎಂದಳು.

"ಎಷ್ಟು ದಿನದಿಂದ?"

"ಎರಡು ತಿಂಗಳಾಗ್ತಾ ಬಂತು."

ಅಂಗಡಿ ನೆಲಕಚ್ಚಿ ವರ್ಷವಾಗಿತ್ತಂತೆ. ಜನ ಇಲ್ಲಿ ಬಂದು ಕಣ್ಣು ಪರೀಕ್ಷೆ ಮಾಡಿಸಿ, ಚೀಟಿ ಬರೆಸಿಕೊಂಡು, ಕನ್ನಡಕ ಮಾತ್ರ ಫೋನಿನಲ್ಲಿ ತರಿಸಿಕೊಳ್ಳುತ್ತಿದ್ದರು. ಫೋನಿನಲ್ಲೇ ಐದು ನಿಮಿಷಕ್ಕೆ ಸಾಲ ಕೊಡುವ ಯಾವುದೋ ಆಪಿನಿಂದ ಹಣ ಎತ್ತಿದಳು. ಕಟ್ಟಲು ತಡವಾದಾಗ ಅವರು ಅವಳ ಫೋನಿನ ನಂಬರುಗಳನ್ನೆಲ್ಲ ಹೀರಿಕೊಂಡು, ಅವಳ ಮುಖವನ್ನು ಯಾರದೋ ಬೆತ್ತಲೆ ಮೈಗೆ ಅಂಟಿಸಿ, ಇದನ್ನು ಎಲ್ಲರಿಗೂ ಕಳಿಸುತ್ತೇವೆ ಎಂದರಂತೆ.

"ನನಗೆ ಹೇಳಬೇಕಿತ್ತು" ಎಂದಳು ಬೂತಕ್ಕ.

"ಹೇಗೆ ಹೇಳಲಿ? ಆ ಫೋಟೋ ನಿನ್ನ ಕೈಲಿ ಹೇಗೆ ಕೊಡಲಿ?"

"ನನ್ನ ಫೋಟೋ ಮಾತ್ರ ಊರಿಗೆಲ್ಲ ಕೊಟ್ಟೆ."

ಕನ್ನಡಕದವಳು ಅಳತೊಡಗಿದಳು. "ನನ್ನ ಹೆಸರಲ್ಲಿ ಕೇಳಿದ್ರೆ ಯಾರು ಕೊಡ್ತಿದ್ರಕ್ಕ? ವ್ಯಾಪಾರದವಳು, ಅವಳಿಗೇನು ಕಡಿಮೆ ಅಂತಿದ್ರು. ನಿನ್ನ ಹೆಸರಿಗೆ ಕೊಟ್ರು. ಯೋಚನೆ ಮಾಡದೆ ಕೊಟ್ರು. ನಿನಗೆ ಗೊತ್ತಿಲ್ಲ, ನಿನ್ನನ್ನ ಎಷ್ಟು ಪ್ರೀತಿಸ್ತಾರೆ ಜನ."

ಅದನ್ನು ಬಹುಮಾನ ಒಪ್ಪಿಸುವವಳಂತೆ ಹೇಳಿದಳು. ಬೂತಕ್ಕನಿಗೆ ಕೈ ಎತ್ತಿ ಹೊಡೆಯಬೇಕೆನಿಸಿತು. ಜೊತೆಗೇ ಅವಳ ಕಣ್ಣೀರು ಒರೆಸಬೇಕೆನಿಸಿತು. ಎರಡನ್ನೂ ಮಾಡಲಿಲ್ಲ.

"ಇವತ್ತು ಸಂಜೆಯೊಳಗೆ ಆ ಗ್ರೂಪಲ್ಲಿ ನಿಜ ಬರೀ. ಅಕ್ಕ ಚೆನ್ನಾಗಿದಾಳೆ, ತಪ್ಪು ನಂದು ಅಂತ. ದುಡ್ಡಿನ ವಿಷಯ ಆಮೇಲೆ ಇಬ್ಬರೂ ಸೇರಿ ಏನಾದ್ರೂ ಮಾಡೋಣ."

ಇಬ್ಬರೂ ಸೇರಿ ಎಂದದ್ದನ್ನು ನೆನೆದರೆ ಬೂತಕ್ಕನಿಗೆ ಇಂದಿಗೂ ಮೈಯೆಲ್ಲ ಉರಿಯುತ್ತದೆ. ಅಷ್ಟಾದ ಮೇಲೂ ಅವಳು ಹಾಗೆಂದಳು. ಕನ್ನಡಕದವಳು ಅವಳ ಎರಡೂ ಕೈ ಹಿಡಿದು, "ಬರೀತೀನಿ ಅಕ್ಕ, ಖಂಡಿತ ಬರೀತೀನಿ" ಎಂದಳು.

ಬರೆದಳು ಕೂಡ.

ಮರುದಿನ ಬೆಳಿಗ್ಗೆ ಏಳೂವರೆಗೆ ಮನೆಯ ಬಾಗಿಲು ಸದ್ದಾಯಿತು. ಅತ್ತೆ ಹೋಗಿ ತೆಗೆದಳು. ಹೊರಗೆ ಗಿರಣಿಯ ಹಳೇ ಫಿಟ್ಟರು ನಿಂತಿದ್ದರು. ಬೂತಕ್ಕನ ಗಂಡ ಯಂತ್ರಕ್ಕೆ ಸಿಕ್ಕ ದಿನ ಅವನನ್ನು ಬಿಡಿಸಿ ಎತ್ತಿಕೊಂಡು ಓಡಿದವರು. ಈಗ ಎಪ್ಪತ್ತೆಂಟು ವರ್ಷ, ಕಿವಿ ಮಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದರು.

"ಎಷ್ಟು ಹೊತ್ತಿಗೆ ಎತ್ತುತೀರಿ?" ಎಂದು ಮೆಲ್ಲನೆ ಕೇಳಿದರು.

"ಏನನ್ನ?"

"ನಿಮ್ಮ ಸೊಸೇನ."

ಅತ್ತೆ ಒಳಗೆ ತಿರುಗಿ ಕೂಗಿದಳು: "ಏ, ನೀನು ಸತ್ತಿದೀಯಂತೆ! ಹಲ್ಲುಜ್ಜಿ ಆಗಿದ್ರೆ ಬಾ, ನೋಡೋಕೆ ಜನ ಬಂದಿದಾರೆ."

ಬೂತಕ್ಕ ಬಾಯಲ್ಲಿ ನೊರೆ ಇಟ್ಟುಕೊಂಡೇ ಬಂದಳು. ಫಿಟ್ಟರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಹಾಗೇ ಹೊಸ್ತಿಲಲ್ಲಿ ಕೂತರು. ಅವಳು ನೀರು ತಂದುಕೊಟ್ಟಳು. ಅವರು ಕುಡಿಯಲಿಲ್ಲ, ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದರು.

"ನಮ್ಮ ಸೊಸೆ ಓದಿ ಹೇಳಿದ್ಳು, ಫೋನಲ್ಲಿ ಬಂದಿದೆ ಅಂತ. ಓದಿದ ತಕ್ಷಣ ಹೊರಟೆ" ಎಂದರು.

ಸೊಸೆ ಓದಿದ್ದನ್ನು ನೆನಪಿದ್ದಷ್ಟು ಹೇಳಿದರು. ಬೂತಕ್ಕ ನಿನ್ನೆ ಸಂಜೆ ಯಾವ ನೋವೂ ಇಲ್ಲದೆ ಹೋದರು. ಅವರ ಇಷ್ಟದಂತೆ ಎಲ್ಲವೂ ಸದ್ದಿಲ್ಲದೆ ಮುಗಿಯಲಿದೆ. ಯಾರೂ ತೊಂದರೆ ತೆಗೆದುಕೊಂಡು ಬರುವುದು ಬೇಡ. ಸಹಾಯ ಮಾಡಿದವರಿಗೆಲ್ಲ ಕೈಮುಗಿದು ನಮಸ್ಕಾರ.

ನಿಜ ಹೇಳುವ ಬದಲು ಗೆಳತಿ ಅವಳನ್ನು ಸಾಯಿಸಿ ಮುಗಿಸಿದ್ದಳು. ಸತ್ತವರ ಚಿಕಿತ್ಸೆಯ ಲೆಕ್ಕವನ್ನು ಯಾರೂ ಕೇಳುವುದಿಲ್ಲವಲ್ಲ.

ಬೂತಕ್ಕ ಮೊದಲು ಕನ್ನಡಕದವಳಿಗೆ ಫೋನು ಮಾಡಿದಳು. ಸ್ವಿಚ್ ಆಫ್. ಬಸ್ಸಿನ ಡ್ರೈವರಿಗೆ ಮಾಡಿದಳು. ರಿಂಗಾಗಿ ಕಟ್ಟಾಯಿತು. ಎರಡನೇ ಸಲ ಕೂಡಲೇ ಕಟ್ಟಾಯಿತು. ದರ್ಜಿಗೆ ಮಾಡಿದಳು, ಅವನು ಎತ್ತಲಿಲ್ಲ, ನಿಮಿಷದ ಮೇಲೆ ಮೆಸೇಜು ಬಂತು: "ಯಾರು ನೀವು? ತೀರಿಹೋದವರ ಫೋನಿಂದ ಕಾಲ್ ಮಾಡೋಕೆ ನಾಚಿಕೆಯಾಗಲ್ವಾ?" ಗ್ರೂಪಿನಲ್ಲಿ ಬರೆಯೋಣವೆಂದರೆ ಅವಳು ಅದರಲ್ಲಿಲ್ಲ. ಸೇರಿಸಬೇಕಾದವಳು ಅದನ್ನು ಕಟ್ಟಿದವಳೇ. ಫಿಟ್ಟರ ಸೊಸೆಗೆ ಫೋನು ಹಚ್ಚಿ ಮುದುಕರ ಕೈಗೆ ಕೊಟ್ಟಳು. ಅವರು ಕಿವಿ ಕೇಳದ ಗಟ್ಟಿ ದನಿಯಲ್ಲಿ, "ಬದುಕಿದಾಳೆ ಕಣಮ್ಮ! ನನ್ನ ಎದುರಿಗೇ ಹಲ್ಲುಜ್ಜಿದಳು!" ಎಂದು ಕೂಗಿದರು. ಸೊಸೆ ಗ್ರೂಪಿನಲ್ಲಿ ಬರೆದಳಂತೆ. ಅಷ್ಟರಲ್ಲಿ ನೂರೆಂಬತ್ತು ಕೈಮುಗಿಯುವ ಚಿತ್ರಗಳು ಬಂದು ಬಿದ್ದಿದ್ದವು. ಆ ರಾಶಿಯ ಕೆಳಗೆ ಅದನ್ನು ಯಾರೂ ಓದಲಿಲ್ಲ. ಓದಿದ ಒಬ್ಬರು, ಇಂಥ ಸಮಯದಲ್ಲಿ ತಮಾಷೆ ಬೇಡ ಎಂದರಂತೆ.

ಫಿಟ್ಟರು ಒಂದು ಕಾಸೂ ಕಳಿಸಿದವರಲ್ಲ. ಅವರಿಗೆ ಫೋನಿನಲ್ಲಿ ಕಳಿಸಲು ಬರುತ್ತಿರಲಿಲ್ಲ. ಸತ್ತ ಸುದ್ದಿ ಕೇಳಿ ಬಾಗಿಲಿಗೆ ಬಂದವರು ಇನ್ನೂರ ಹನ್ನೆರಡು ಮಂದಿಯಲ್ಲಿ ಯಾರೂ ಅಲ್ಲ, ಆ ಗ್ರೂಪಿನಲ್ಲೇ ಇಲ್ಲದ ಅವರೊಬ್ಬರು.

ಹತ್ತು ಗಂಟೆಗೆ ಬೂತಕ್ಕ ಪೊಲೀಸ್ ಠಾಣೆಯಲ್ಲಿದ್ದಳು. ಕನ್ನಡಕದಂಗಡಿಗೆ ಬೀಗ ಬಿದ್ದಿತ್ತು. ಮೇಜಿನ ಹಿಂದಿದ್ದ ಅಧಿಕಾರಿ ತಾಳ್ಮೆಯಿಂದಲೇ ಕೇಳಿದ.

"ನಿಮ್ಮ ಖಾತೆಯಿಂದ ಎಷ್ಟು ಹೋಯ್ತು?"

"ಏನೂ ಹೋಗಿಲ್ಲ."

"ಫೋನು, ಒಡವೆ ಏನಾದ್ರೂ?"

"ಇಲ್ಲ."

"ಹಾಗಾದ್ರೆ ನೀವು ಕಳಕೊಂಡದ್ದೇನೂ ಇಲ್ಲ. ದುಡ್ಡು ಹಾಕಿದವರು ಬಂದು ದೂರು ಕೊಡಬೇಕು."

"ಹೋಗಿದೆ ಸಾರ್" ಎಂದಷ್ಟೇ ಅಂದಳು ಬೂತಕ್ಕ. ಅವನು ಪೆನ್ನು ಹಿಡಿದು ಕಾದ. ಆಮೇಲೆ ಪಾಪವೆನಿಸಿ, ಬೇರೊಬ್ಬರ ಹೆಸರಿನಲ್ಲಿ ಹಣ ವಸೂಲಿ ಎಂದು ಬರೆದುಕೊಂಡ. ಹಣ ಹಾಕಿದವರಲ್ಲಿ ಹತ್ತು ಜನರ ಸಹಿ ತಂದರೆ ಗಟ್ಟಿಯಾಗುತ್ತದೆ ಎಂದ.

ಬೂತಕ್ಕ ಹೊರಟಳು. ಬೂತಿನ ಕಾಲದ ಗಿರಾಕಿಗಳ ವಿಳಾಸಗಳಲ್ಲಿ ಅರ್ಧ ಅವಳ ತಲೆಯಲ್ಲೇ ಇದ್ದವು. ಉಳಿದದ್ದನ್ನು ಫಿಟ್ಟರ ಸೊಸೆ ಒದಗಿಸಿದಳು. ಅಂಗಡಿ ಮುಚ್ಚಿ ಹದಿನೆಂಟು ದಿನ ಮನೆ ಮನೆ ಸುತ್ತಿದಳು.

ದರ್ಜಿ ಅವಳನ್ನು ಕಂಡು ಕತ್ತರಿ ಕೆಳಗೆ ಹಾಕಿದ. ಟೇಪು ಹಿಡಿದು ಅವಳ ತೋಳಿನ ಅಳತೆ ತೆಗೆಯತೊಡಗಿದ. ಹತ್ತು ನಿಮಿಷ ಹಾಗೇ ಅಳೆದು, ಬರೆದುಕೊಂಡು, ಕೊನೆಗೆ "ಕ್ಷಮಿಸಿ ಅಕ್ಕ" ಎಂದು ಸಹಿ ಹಾಕಿದ. ಬಸ್ಸಿನ ಡ್ರೈವರು ಬಾಗಿಲಲ್ಲೇ ಅತ್ತ. ಆಮೇಲೆ ಅವನ ಹೆಂಡತಿ ಒಳಗಿನಿಂದ, "ನಾವು ಕೊಟ್ಟಿದ್ದು ಯಾರು ವಾಪಸ್ ಕೊಡ್ತಾರಂತೆ, ಕೇಳಿ" ಎಂದಳು.

ಗಿರಣಿಯ ಮೇಸ್ತ್ರಿಯೊಬ್ಬನ ಮಗಳು ಈಗ ಶಾಲೆಯೊಂದರ ಮುಖ್ಯಸ್ಥೆ. ಹಿಂದೆ ಆ ಬೂತಿನಿಂದಲೇ ಫೋನು ಮಾಡಿ, ಮನೆಯವರ ಕಣ್ಣು ತಪ್ಪಿಸಿ ಮದುವೆಯಾದವಳು. ಅಂದು ಅವಳ ಅಪ್ಪ ಬೂತಿನ ಬಾಗಿಲಿಗೆ ಒದ್ದು ಕೇಳಿದರೂ ಬೂತಕ್ಕ ಬಾಯಿ ಬಿಟ್ಟಿರಲಿಲ್ಲ. ಈಗ ಆಕೆ ಕುರ್ಚಿ ತೋರಿಸಲಿಲ್ಲ.

"ಇಪ್ಪತ್ತು ವರ್ಷ ಒಂದೇ ಡಬ್ಬೀಲಿ ಉಂಡವರು ನೀವಿಬ್ಬರು. ಎರಡು ತಿಂಗಳು ನಿಮಗೆ ಗೊತ್ತೇ ಆಗಲಿಲ್ಲ ಅಂದ್ರೆ ನಂಬೋದು ಕಷ್ಟ. ನಿಮ್ಮ ಪಾಲು ಎಷ್ಟು ಬಂತು?"

ಬೂತಕ್ಕ ಮೆಟ್ಟಿಲಿಳಿದು, ಕಾಂಪೌಂಡು ದಾಟಿ ರಸ್ತೆಗೆ ಬಂದಳು. ಸಹಿ ಕೇಳುವುದು ಮರೆತೇಹೋಗಿತ್ತು.

ಹೆಚ್ಚಿನವರು ಕೆಟ್ಟವರಲ್ಲ. ಒಬ್ಬ ನಿವೃತ್ತ ಗುಮಾಸ್ತ ಅವಳನ್ನು ಸೋಫಾದ ಮೇಲೆ ಕೂರಿಸಿ, ಫೋನು ತೆಗೆದು ಉತ್ಸಾಹದಿಂದ ತೋರಿಸಿದ. "ನೋಡಿ ಅಕ್ಕ, ನಾನು ಎರಡು ಸಲ ಕಳಿಸಿದೀನಿ. ಮೊದಲ ದಿನವೇ. ಇಲ್ಲೇ ಇದೆ ದಾಖಲೆ."

"ಒಂದು ಸಲ ಬಂದು ನೋಡಬೇಕು ಅನ್ನಿಸಲಿಲ್ವಾ?" ಎಂದಳು ಬೂತಕ್ಕ. ಜಗಳಕ್ಕೆ ಕೇಳಿದ್ದಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಕಳಿಸಿದೆನಲ್ಲ" ಎಂದ ಅವನು.

"ಅದು ಸರಿ. ಬರಲಿಲ್ಲ ಯಾಕೆ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮತ್ತೊಮ್ಮೆ ಫೋನನ್ನು ಅವಳ ಕಡೆ ತಿರುಗಿಸಿ, ಹಸಿರು ಗುರುತಿನ ಮೇಲೆ ಬೆರಳಿಟ್ಟು, "ಕಳಿಸಿದೀನಿ ಅಕ್ಕ, ನೋಡಿ" ಎಂದ. ಅವನ ಮನೆಯಿಂದ ಅವಳ ಅಂಗಡಿಗೆ ನಡೆದರೆ ಹನ್ನೆರಡು ನಿಮಿಷ.

ಹನ್ನೊಂದು ಸಹಿ ಸಿಕ್ಕವು. ಪೊಲೀಸರು ಕನ್ನಡಕದವಳನ್ನು ಅವಳ ಸೋದರತ್ತೆಯ ಮನೆಯಲ್ಲಿ ಪತ್ತೆಹಚ್ಚಿ ಕರೆತಂದರು. ಅಂಗಡಿಯ ಸಾಮಾನು ಮಾರಿ ಕೆಲವರಿಗೆ ಹಿಂದಿರುಗಿಸಿದಳು. ಉಳಿದದ್ದು ಕೋರ್ಟಿನಲ್ಲಿದೆ. ಠಾಣೆಯ ಬೆಂಚಿನ ಮೇಲೆ ಇಬ್ಬರನ್ನೂ ಅರ್ಧ ಗಂಟೆ ಅಕ್ಕಪಕ್ಕ ಕೂರಿಸಿದ್ದರು. ಕನ್ನಡಕದವಳು ನೆಲ ನೋಡುತ್ತ ಒಂದೇ ಮಾತು ಹೇಳಿದಳು: "ಸಾಯಿಸಬಾರದಿತ್ತು ಅಕ್ಕ. ಹುಷಾರಾದಳು ಅಂತ ಬರೀಬೇಕಿತ್ತು. ಅವಸರದಲ್ಲಿ ಹೊಳೀಲಿಲ್ಲ." ತಪ್ಪು ಯಾವುದೆಂದು ಅವಳಿಗೆ ಇನ್ನೂ ಅರ್ಥವಾಗಿಲ್ಲವೆಂದು ಬೂತಕ್ಕನಿಗೆ ಆಗ ತಿಳಿಯಿತು. ಪಕ್ಕದಲ್ಲಿ ಕೂತವಳು ಯಾರೋ ಅಪರಿಚಿತಳಂತೆ ಕಂಡಳು. ಹಾಗೆ ಕಾಣದಿದ್ದರೆ ಸಹಿಸಲು ಆಗುತ್ತಿರಲಿಲ್ಲ.

ಹಳೇ ಗ್ರೂಪಿನಲ್ಲಿ ಯಾರು ಎಷ್ಟು ಕೊಟ್ಟರೆಂದು ಒಂದು ವಾರ ಜಗಳವಾಯಿತು. ಯಾರೋ ಹೊಸ ಗ್ರೂಪು ಕಟ್ಟಿ ಬೂತಕ್ಕನನ್ನು ಕೇಳದೆಯೇ ಸೇರಿಸಿದರು. ನೂರಾರು ಕ್ಷಮೆಗಳು ಬಂದವು, ಎಲ್ಲ ಕೈಮುಗಿದವೇ. ಎಂಟನೇ ದಿನದಿಂದ ಮತ್ತೆ ಹೂವು ಬೀಳತೊಡಗಿತು. ಈ ಸಲ ಹೊರಬರುವ ಗುಂಡಿಯನ್ನು ಅವಳೇ ಹುಡುಕಿ ಒತ್ತಿದಳು.

ಅಂಗಡಿ ತೆರೆದಿದೆ. ಕೋಡು ತೋರಿಸಿ ಯಾರಿಗೋ ಹಣ ಕಳಿಸಿ ಎನ್ನುವವರಿಗೆ ಬೂತಕ್ಕ ಮೊದಲು ಆ ಮನುಷ್ಯನ ಜೊತೆ ಮಾತಾಡಿ ಎನ್ನುತ್ತಾಳೆ. ಜನ ಗೊಣಗುತ್ತಾರೆ. ಎರಡು ಸೆಕೆಂಡಿನ ಕೆಲಸಕ್ಕೆ ಇಷ್ಟೊಂದು ರಾಮಾಯಣವೇ ಎಂದು ಕೆಲವರು ಮುಂದಿನ ಅಂಗಡಿಗೆ ಹೋಗುತ್ತಾರೆ. ಗಿರಾಕಿಗಳು ಕಡಿಮೆಯಾಗಿದ್ದಾರೆ. "ಹೀಗೆ ಮಾಡಿದ್ರೆ ನಿಜವಾಗ್ಲೂ ಚಂದಾ ಎತ್ತಬೇಕಾಗುತ್ತೆ ನೋಡು" ಎನ್ನುತ್ತಾಳೆ ಅತ್ತೆ. ಫಿಟ್ಟರು ತಿಂಗಳಿಗೊಮ್ಮೆ ಎರಡು ಬಸ್ಸು ಬದಲಿಸಿ ಬರುತ್ತಾರೆ, ಕಾರಣವಿಲ್ಲದೆ, ಸುಮ್ಮನೆ ಕೂತು ಹೋಗಲು.

ಹೋದ ತಿಂಗಳು ಹೊಸ ನಂಬರೊಂದರಿಂದ ಒಂದು ಧ್ವನಿ ಸಂದೇಶ ಬಂತು. ಮೂರು ನಿಮಿಷ ನಲವತ್ತು ಸೆಕೆಂಡು. ನಂಬರಿನ ಪಕ್ಕದ ಪುಟ್ಟ ಚಿತ್ರದಲ್ಲಿ ಗೆಳತಿಯ ಮುಖವಿತ್ತು, ಮೊದಲಿಗಿಂತ ಸಣ್ಣಗಾಗಿತ್ತು. ಬೂತಕ್ಕ ಅದನ್ನು ಇನ್ನೂ ಕೇಳಿಲ್ಲ. ಅಳಿಸಿಯೂ ಇಲ್ಲ. ಅದರಲ್ಲಿ ಬರೀ ಸುಳ್ಳಿದ್ದೀತೆಂಬ ಹೆದರಿಕೆ ಅವಳಿಗಿಲ್ಲ. ಆ ದನಿಯಲ್ಲಿ ಅಕ್ಕ ಎಂದು ಕೇಳಿಬಿಟ್ಟರೆ ಮತ್ತೆ ನಂಬಿಬಿಡುತ್ತೇನೆ ಎಂಬುದು ಅವಳಿಗೆ ಗೊತ್ತು. ಮಧ್ಯಾಹ್ನ ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಒಮ್ಮೊಮ್ಮೆ ಅದನ್ನು ತೆರೆದು, ಬೆರಳನ್ನು ಅದರ ಹತ್ತಿರ ತಂದು, ಫೋನನ್ನು ಮುಖ ಕೆಳಗಾಗಿ ಇಟ್ಟುಬಿಡುತ್ತಾಳೆ.